ಕಣ್ಣಿಗೆ ಕೂಲಿ

ಕಂಪ್ಯೂಟರ್‌ಗೆ ನೋಡುವುದನ್ನು ಕಲಿಸಲೆಂದು ವಿಡಿಯೊದಲ್ಲಿ ಏನಿದೆಯೆಂದು ಗುರುತು ಹಾಕುವ ಬೇಸರದ ಕೆಲಸ ಮೊದಲು ಪ್ರಯೋಗಾಲಯದ ವಿದ್ಯಾರ್ಥಿಗಳ ತಲೆಗೇ ಬೀಳುತ್ತಿತ್ತು. 2005ರಲ್ಲಿ ಅಮೆಜಾನ್ ‘ಮೆಕ್ಯಾನಿಕಲ್ ಟರ್ಕ್’ ಎಂಬ ಆನ್‌ಲೈನ್ ಕೆಲಸದ ಸಂತೆ ತೆರೆದ ಮೇಲೆ ಅದು ತುಣುಕಿಗಿಷ್ಟು ಎಂಬ ಕೂಲಿಯಾಯಿತು.

ಫೋಟೊ ಆದರೆ ಸರಿ. ವಿಡಿಯೊದಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರ! ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಕಾರ್ಲ್ ವಾಂಡ್ರಿಕ್ ಮತ್ತು ಸಂಗಡಿಗರು ರೂಪಿಸಿದ ‘ವ್ಯಾಟಿಕ್’ ಎಂಬ ತಂತ್ರಾಂಶದಲ್ಲಿ ಕೆಲಸಗಾರರು ಕೆಲವು ಚಿತ್ರಗಳಲ್ಲಷ್ಟೇ ಚೌಕ ಎಳೆಯುತ್ತಿದ್ದರು, ನಡುವಿನದನ್ನು ಕಂಪ್ಯೂಟರ್ ತುಂಬುತ್ತಿತ್ತು. ಈ ತಂಡದ ಮೂರು ವರ್ಷದ ಅಧ್ಯಯನದಲ್ಲಿ ಕಂಡದ್ದು, ಇದಕ್ಕೆ ಜನಜಂಗುಳಿಗಿಂತ ನುರಿತ ಕೆಲವರೇ ಮೇಲು ಎಂದು. ಅಗ್ಗದ ಕೆಲಸವೆಂದರೆ ಸುಲಭದ ಕೆಲಸವಲ್ಲವಲ್ಲ.

2016ರ ‘ಶರೇಡ್ಸ್’ ಎಂಬ ವಿಡಿಯೊ ಸಂಗ್ರಹ ಇನ್ನೂ ಮುಂದೆ ಹೋಯಿತು. ಕಥೆ ಬರೆದವರು, ನಟಿಸಿದವರು, ಗುರುತು ಹಾಕಿದವರು ಎಲ್ಲರೂ ಆನ್‌ಲೈನ್ ಕೂಲಿಯವರೇ. 267 ಮಂದಿ ತಂತಮ್ಮ ಮನೆಯಲ್ಲೇ ಚಿತ್ರಿಸಿಕೊಂಡ 9,848 ವಿಡಿಯೊ ಅದರಲ್ಲಿವೆ. ಆ ಸಂಗ್ರಹವನ್ನು ಪರಿಚಯಿಸಿದ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಈ ಕೂಲಿಯವರು ಇಲ್ಲ.