ದೃಷ್ಟಿಕೋನ ಪಾತ್ರ (ಕಾದಂಬರಿ)

ಯಾರ ಕಣ್ಣು, ಮನಸ್ಸುಗಳ ಮೂಲಕ ಓದುಗರು ಕಾದಂಬರಿಯ ಘಟನೆಗಳನ್ನು ಕಾಣುತ್ತಾರೋ ಆ ಪಾತ್ರ. ಅದು ಕಥಾನಾಯಕನೇ ಆಗಬೇಕಿಲ್ಲ. ನಿರೂಪಣೆ ಉತ್ತಮ ಪುರುಷದಲ್ಲಾಗಲಿ ಪ್ರಥಮ ಪುರುಷದಲ್ಲಾಗಲಿ ಇರಬಹುದು.

ನಿದರ್ಶನಗಳು: ಕೇಂದ್ರಪಾತ್ರದ ಆಯ್ಕೆ ಕಥೆಯನ್ನೇ ಬದಲಿಸಬಲ್ಲುದೆಂಬುದಕ್ಕೆ ಕಾದಂಬರಿಗಿಂತ ಹಳೆಯ ಸಾಕ್ಷಿ ಮೂಡುಬಿದಿರೆಯ ರತ್ನಾಕರವರ್ಣಿಯ ಸಾಂಗತ್ಯ ಕಾವ್ಯ ‘ಭರತೇಶ ವೈಭವ’ (16ನೆಯ ಶತಮಾನ). ಭೋಗಯೋಗಗಳ ಸಮನ್ವಯ ಸಾಧಿಸಿದ ಭರತನೇ ಇಲ್ಲಿ ನಾಯಕ. ತಮ್ಮನಾದ ಬಾಹುಬಲಿಯೊಡನೆ ಕಾಳಗ ನಡೆಯದೆ ಭರತನ ಮಾತೇ ಗೆಲ್ಲುತ್ತದೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಅಜ್ಜಿಯ ದರ್ಶನವನ್ನು ಮೊಮ್ಮಗ ಸುಬ್ಬರಾಯನಿಂದ ಹೇಳಿಸುತ್ತದೆ. ಅವನ ಸಂಶಯ ಓದುಗರ ಸಂಶಯವೂ ಆಗುತ್ತದೆ. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಮಹಾಭಾರತವನ್ನು ಕುಂತಿ, ದ್ರೌಪದಿ, ಭೀಮ ಮೊದಲಾದ ಹಲವರ ನೆನಪುಗಳಲ್ಲಿ ಹಂಚುತ್ತದೆ.

ಆಯ್ಕೆಯ ಮಾನದಂಡ: ಘಟನೆಯಿಂದ ಹೆಚ್ಚು ಕಳೆದುಕೊಳ್ಳುವವರು ಯಾರು, ಅವರಿಗೆ ತಿಳಿದಿರುವುದೆಷ್ಟು, ಅವರ ಮಾತಿನ ಭಾಷೆ ಯಾವುದು ಎಂಬುವು ಮುಖ್ಯ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಬೆರೆತ ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಭೂಸುಧಾರಣೆಯ ಕಥೆ ಬರೆದರೆ, ಗೇಣಿ ಒಕ್ಕಲಿನ ಮನೆಯಲ್ಲಿ ಬೀಡಿ ಕಟ್ಟುವ ಹೆಣ್ಣು ಕಾಣುವುದು ಒಂದು, ಧಣಿ ಕಾಣುವುದು ಇನ್ನೊಂದು. ಒಂದೇ ದೃಶ್ಯದೊಳಗೆ ಕಾರಣವಿಲ್ಲದೆ ದೃಷ್ಟಿಕೋನ ಬದಲಾದರೆ ಓದುಗರ ನಂಬಿಕೆ ಸಡಿಲಗೊಳ್ಳುತ್ತದೆ.