ಅಡಗೂಲಜ್ಜಿಯ ಒಲೆ

ರಾಜಾಜಿನಗರದ ರಾಮಮಂದಿರದಿಂದ ನಾಲ್ಕು ಹೆಜ್ಜೆ ಆಚೆ, ಅಡ್ಡರಸ್ತೆಯ ಮನೆಯೊಂದರ ಮುಂಗೋಣೆಯಲ್ಲಿ ಬಹಳ ವರ್ಷ ಒಂದು ಮೆಸ್ಸು ನಡೆಯುತ್ತಿತ್ತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಇಂಡಸ್ಟ್ರಿಯಲ್ ಟೌನಿನಲ್ಲಿ ಹಗಲೆಲ್ಲ ಲೇತಿನ ಮುಂದೆ ನಿಂತು ಬಂದ ಹಾಸನ, ತುಮಕೂರಿನ ಕಡೆಯ ಹುಡುಗರು ಸಾಲಾಗಿ ಕೂತರೆ ಅಜ್ಜಿಯೊಬ್ಬರು ಮುದ್ದೆ, ಉಪ್ಸಾರು ಬಡಿಸಿ, ಬಾಗಿಲ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಗೀಟು ಎಳೆದು ಲೆಕ್ಕ ಇಡುತ್ತಿದ್ದರು. ಒಂದು ರಾತ್ರಿ ಬೋನಸ್ಸಿನ ಮಾತು ಬಂತು. ‘ಬಿಡ್ಲಾ ಅತ್ಲಾಗೆ, ಅವೆಲ್ಲ ಅಡಗೂಲಜ್ಜಿ ಕತೆ’ ಎಂದ ಒಬ್ಬ. ‘ಉಣ್ಣೋಕೆ ಕೂತು ಅಜ್ಜೀನೇ ಯಾಕಪ್ಪ ಆಡ್ಕೋತೀಯ?’ ಎಂದರು ಆಕೆ, ಸೌಟು ಕೆಳಗಿಡದೆ. ಎಲ್ಲರೂ ನಕ್ಕರು. ಆಕೆ ತಮಾಷೆಗೆಂದು ಆಡಿದ್ದು ವ್ಯುತ್ಪತ್ತಿಯ ದೃಷ್ಟಿಯಿಂದ ಅಕ್ಷರಶಃ ನಿಜವೆಂದು ನನಗೆ ಹೊಳೆದದ್ದು ಕೈತೊಳೆಯುವಾಗ.

ಪದವನ್ನು ಬಿಡಿಸಿ ನೋಡೋಣ. ಮೊದಲ ತುಂಡು ಅಡು, ಅಂದರೆ ಬೇಯಿಸು. ಅಡಿಗೆ, ಅಡುಗೆ ಎರಡೂ ಅದರ ಮಕ್ಕಳು. ತಮಿಳು ಮಲಯಾಳಗಳಲ್ಲಿ ಒಲೆಗೆ ಹೇಳುವ ಅಡುಪ್ಪು ಅದರ ದಾಯಾದಿ. ಕ್ರಿಯಾಪದವಾಗಿ ಇವತ್ತಿನ ಆಡುಮಾತಿನಲ್ಲಿ ಅದು ಹೆಚ್ಚುಕಡಿಮೆ ತಣ್ಣಗಾಗಿದ್ದರೂ ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯ ‘ಅಟ್ಟ’ದಲ್ಲಿ ಕೆಂಡ ಇನ್ನೂ ಆರಿಲ್ಲ. ಕೊನೆಯ ತುಂಡು ಅಜ್ಜಿ, ಅಲ್ಲಿ ತಕರಾರಿಲ್ಲ. ತಕರಾರೆಲ್ಲ ನಡುವಿನದು: ಅದು ಕೂಲಿಯೋ, ಕೂಳೋ? ಅಡು, ಕೂಲಿ, ಅಜ್ಜಿ ಎಂದು ಬಿಡಿಸಿದರೆ ಆದೇಶಸಂಧಿಯಿಂದ ಕಕಾರ ಗಕಾರವಾಗಿ, ಲೋಪಸಂಧಿಯಿಂದ ಇಕಾರ ಬಿದ್ದುಹೋಗಿ, ಕೂಲಿಗೆ ಅಡುವ ಅಜ್ಜಿ ‘ಅಡುಗೂಲಜ್ಜಿ’ ಸಲೀಸಾಗಿ ಸಿದ್ಧಳಾಗುತ್ತಾಳೆ. ಕೂಳು ಎಂದು ಹಿಡಿದರೆ ಹಳಗನ್ನಡದ ‘ಕೂೞ್’ವರೆಗೆ, ಅಂದರೆ ವ್ಯಾಕರಣಕಾರ ಕೇಶಿರಾಜ ಪಟ್ಟಿಮಾಡಿಟ್ಟ, ಆಮೇಲೆ ನಾವು ಕಳೆದುಕೊಂಡ ಆ ೞಕಾರದವರೆಗೆ ಹೋಗಬೇಕು.

ನನ್ನ ಮತ ಕೂಳಿಗೆ. ಸಾಕ್ಷಿ ನೆರೆಮನೆಯಲ್ಲಿದೆ. ದುಡ್ಡು ತೆಗೆದುಕೊಂಡು ಊಟ ಹಾಕುವ ಹೆಂಗಸನ್ನು ತೆಲುಗರು ‘ಪೂಟಕೂಳ್ಳಮ್ಮ’ ಎನ್ನುತ್ತಾರೆ. ಪೂಟ ಎಂದರೆ ಹೊತ್ತು, ಕೂಳ್ಳು ಎಂಬುದು ಕೂಡು ಎಂಬುದರ ಬಹುವಚನ, ಆ ಕೂಡು ನಮ್ಮ ಕೂೞೇ. ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕದಲ್ಲಿ ಆ ಹೆಸರಿನ ಪಾತ್ರವೇ ಇದೆ. ಅಮ್ಮ ಆ ಕಡೆ, ಅಜ್ಜಿ ಈ ಕಡೆ, ನಡುವೆ ಅದೇ ಅನ್ನ. ಹಾಗಾದರೆ ಳಕಾರ ಲಕಾರಕ್ಕೆ ಜಾರಿದ್ದೇಕೆ? ಕೂಳು ಎಂಬ ಪದದ ಮಾನ ಹೋದದ್ದರಿಂದ ಎನ್ನುತ್ತೇನೆ. ಒಂದು ಕಾಲಕ್ಕೆ ಬರಿಯ ಅನ್ನವಾಗಿದ್ದ ಕೂೞ್ ಬರಬರುತ್ತ ತಿರುಪೆಯ ಕೂಳು, ದಂಡದ ಕೂಳು, ಕೂಳಿಗೆ ಗತಿಯಿಲ್ಲದವನು ಎಂದು ಬೈಗುಳದ ಹಾದಿ ಹಿಡಿಯಿತು. ಅಜ್ಜಿಯ ಹೊಟ್ಟೆಯೊಳಗೆ ಅದನ್ನು ಇಟ್ಟುಕೊಳ್ಳಲು ನಾಲಗೆ ಹಿಂಜರಿದಾಗ ಪಕ್ಕದಲ್ಲೇ ಇದ್ದ ಕೂಲಿ ಮೆಲ್ಲನೆ ನುಸುಳಿತು. ‘ಅಡು’ವಿನ ಉಕಾರವೂ ಸವೆದು ‘ಅಡ’ ಆದಮೇಲೆ ಮಕ್ಕಳ ಕಿವಿಗೆ ಕೇಳಿಸುವುದು ಅಡಗಿ ಕೂತ ಅಜ್ಜಿ. ಅದೂ ಒಂದು ಸೊಗಸೇ.

ಕತೆಯೊಳಗೆ ಈಕೆಯ ಕಸುಬನ್ನು ನಾವೆಲ್ಲ ಬಲ್ಲೆವು. ರಾಜಕುಮಾರ ಕುದುರೆ ಇಳಿಯುವುದು ಊರಂಚಿನ ಈಕೆಯ ಮನೆಯ ಮುಂದೆ. ಹಿಡಿ ಹೊನ್ನು ಕೊಟ್ಟು ಉಂಡು ಮಲಗುವುದು ಈಕೆಯ ಜಗಲಿಯಲ್ಲಿ. ಅರಮನೆಯ ಗುಟ್ಟೆಲ್ಲ ಗೊತ್ತಾಗುವುದು ಈಕೆಯ ಬಾಯಿಂದ. ಕೆಲವು ಕಡೆ ಈಕೆಯೇ ಹೂವಾಡಗಿತ್ತಿಯೂ ಆಗಿ, ದಂಡೆಯೊಳಗೆ ಓಲೆ ಇಟ್ಟು ರಾಜಕುಮಾರಿಗೆ ಮುಟ್ಟಿಸುತ್ತಾಳೆ. ಜಗತ್ತಿನ ಕತೆಗಳ ತುಣುಕುಗಳನ್ನೆಲ್ಲ ಆಶಯಗಳೆಂದು ವಿಂಗಡಿಸಿದ ಅಮೆರಿಕದ ಸ್ಟಿತ್ ಥಾಂಪ್ಸನ್ ಸೂಚಿಯಲ್ಲಿ ನೆರವಾಗುವ ಮುದುಕಿಗೆ ಎನ್ 825.3 ಎಂಬ ಸಂಖ್ಯೆಯಿದೆ. ಇಡೀ ಕತೆಗಳ ವರ್ಗೀಕರಣವನ್ನು 2004ರಲ್ಲಿ ಮೂರು ಸಂಪುಟಗಳಲ್ಲಿ ಪರಿಷ್ಕರಿಸಿ ಕೊಟ್ಟವರು ಜರ್ಮನಿಯ ಹಾನ್ಸ್ ಯೋರ್ಗ್ ಊಟರ್. ಅಡಗೂಲಜ್ಜಿಯ ಸಂಸಾರಕ್ಕೆ ಲೆಕ್ಕಿಗರಾಗಿ ‘ಊಟರ್’ ಎಂಬ ಹೆಸರಿನವರೇ ಸಿಕ್ಕಬೇಕೇ! ಗಾಟಿಂಗೆನ್‌ನಲ್ಲಿ ಕುಳಿತು ಜನಪದ ಕತೆಗಳ ವಿಶ್ವಕೋಶವನ್ನು ಸಂಪಾದಿಸಿದವರಲ್ಲಿ ಅವರೂ ಒಬ್ಬರು. 15 ಸಂಪುಟಗಳ ಆ ಕೆಲಸ ಮುಗಿದದ್ದು 2015ರಲ್ಲಿ. ಲೋಕದ ಕತೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವವರಿಗೆ ಈ ಸಂಖ್ಯೆಗಳಿಲ್ಲದೆ ನಡೆಯದು. ಆದರೂ ‘ನೆರವಾಗುವ ಮುದುಕಿ’ ಎಂದಾಗ ಒಲೆ ಹೋಯಿತು, ಗೀಟಿನ ಲೆಕ್ಕ ಹೋಯಿತು. ಪುಕ್ಕಟೆ ಪುಣ್ಯವಂತೆಯಾಗಿಬಿಟ್ಟಳು.

ಆ ಒಲೆ ಎಷ್ಟು ಮುಖ್ಯವೆಂದು ತಿಳಿಯಲು ಊಟರ್ ಅವರಿಗಿಂತ ಹಿಂದೆ, ಗ್ರಿಮ್ ಸಹೋದರರ ಬಳಿಗೆ ಹೋಗಬೇಕು. 1815ರಲ್ಲಿ ಬಂದ ಅವರ ಕತೆಗಳ ಎರಡನೆಯ ಸಂಪುಟಕ್ಕೆ ದೊಡ್ಡ ಬುತ್ತಿ ಕಟ್ಟಿಕೊಟ್ಟವಳು ಡೊರೊಥಿಯಾ ಫೀಮಾನ್, ಕಾಸೆಲ್ ಪಟ್ಟಣಕ್ಕೆ ತೋಟದ ಫಸಲು ಮಾರಲು ಬರುತ್ತಿದ್ದ ಹೆಂಗಸು. ಕೇಳಿದರೆ ಅದೇ ಕತೆಯನ್ನು ಪದ ಕದಲಿಸದೆ ಮತ್ತೆ ಹೇಳುತ್ತಿದ್ದಳೆಂದು ಸಹೋದರರು ಬೆರಗಾಗಿದ್ದಾರೆ. 1819ರ ಆವೃತ್ತಿಯ ಮೊದಲಲ್ಲಿ ಅವಳ ಚಿತ್ರವನ್ನೇ ಹಾಕಿದ್ದಾರೆ. ಅವಳನ್ನು ಅಪ್ಪಟ ಹೆಸ್ಸೆ ನಾಡಿನ ರೈತ ಹೆಂಗಸೆಂದು ಲೋಕ ನಂಬಿತು. ನಿಜದಲ್ಲಿ ಅವಳು ದರ್ಜಿಯ ಹೆಂಡತಿ, ಫ್ರಾನ್ಸಿನಿಂದ ವಲಸೆ ಬಂದ ಹ್ಯೂಗನಾಟ್ ವಂಶದವಳು, ಎಲ್ಲಕ್ಕಿಂತ ಮಿಗಿಲಾಗಿ ಹೆದ್ದಾರಿಯ ಪಕ್ಕದ ತಂಗುಮನೆಯವನ ಮಗಳು. ಗಾಡಿಯವರು, ವ್ಯಾಪಾರಿಗಳು, ಸಿಪಾಯಿಗಳು ಉಂಡೆದ್ದು ಹೋಗುವಾಗ ಬಿಟ್ಟುಹೋದ ಕತೆಗಳು ಅವಳ ಕಿವಿಗೆ ಬಿದ್ದದ್ದು ಅಲ್ಲಿ. ಜರ್ಮನ್ ವಿದ್ವಾಂಸರು ಕಾಗದಪತ್ರ ತಡಕಿ ಕಂಡುಕೊಂಡದ್ದು ನಮ್ಮ ಪದದ ಹೊಟ್ಟೆಯಲ್ಲಿ ಮೊದಲಿಂದಲೂ ಇದೆ: ಕತೆ ಇರುವುದು ಹಾದಿಹೋಕರಿಗೆ ಅಟ್ಟು ಹಾಕುವವಳ ಹತ್ತಿರ.

ಇನ್ನೊಂದು ಜಾರುವಿಕೆಯನ್ನು ಬಿಡುವಂತಿಲ್ಲ. ‘ಅಡಗೂಲಜ್ಜಿಯ ಕತೆ’ ಎಂಬಲ್ಲಿನ ಷಷ್ಠೀ ವಿಭಕ್ತಿ ಎರಡು ಬಾಗಿಲಿನ ಮನೆ. ಮೊದಲು ಅಜ್ಜಿ ಬರುವ ಕತೆ. ಆಮೇಲೆ ಅಜ್ಜಿ ಹೇಳುವ ಕತೆ. ಕೊನೆಗೆ ವಿಭಕ್ತಿ ಪ್ರತ್ಯಯವೂ ಉದುರಿ ‘ಅಡಗೂಲಜ್ಜಿ ಕತೆ’ ಎಂದಾದಾಗ, ನಂಬಲಾಗದ ಮಾತು, ಹಳಸಲು ಸಬೂಬು, ಚುನಾವಣೆಯ ಭರವಸೆ ಎಲ್ಲಕ್ಕೂ ಅದೇ ಹೆಸರು. ಜರ್ಮನ್ನರೂ ಕಡಿಮೆಯಿಲ್ಲ: ಬೊಗಳೆ ಮಾತಿಗೆ ಅವರು ‘ಆಮೆನ್‌ಮೆರ್ಶೆನ್’ ಎನ್ನುತ್ತಾರೆ, ಹಾಲೂಡಿಸುವ ದಾದಿಯ ಕತೆ ಎಂದರ್ಥ. ಉಣ್ಣಿಸಿದವಳನ್ನೇ ಸುಳ್ಳಿ ಎನ್ನುವ ಚಾಳಿ ಎರಡೂ ಕಡೆ ಒಂದೇ.

ರಾಮಮಂದಿರದ ಆಚೆಯ ಆ ಮುಂಗೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ನನಗೆ ಉಳಿದಿರುವುದು ಒಂದು ಸಣ್ಣ ಕೆಲಸ, ಅದಕ್ಕೆ ನಿಮ್ಮ ನೆರವು ಬೇಕು. ನಿಮ್ಮ ಕಡೆಯ ಹಿರಿಯರು, ಅದರಲ್ಲೂ ಕೋಲಾರ, ಪಾವಗಡದಂಥ ತೆಲುಗಿನ ಸೆರಗಿನ ಊರಿನವರು, ಈ ಅಜ್ಜಿಯನ್ನು ಲಕಾರದಿಂದ ಕರೆಯುತ್ತಾರೋ ಳಕಾರದಿಂದಲೋ? ಒಮ್ಮೆ ಬಾಯಿಬಿಟ್ಟು ಹೇಳಿಸಿ, ಕೇಳಿದಂತೆಯೇ ಬರೆದಿಡಿ.