ಖಾಲಿ ತೋಟಾಗೆ ಮನೆಯಲ್ಲೇ ಮದ್ದು ತುಂಬಬಹುದಾ? ‘ರೀಲೋಡಿಂಗ್’ ಬಗ್ಗೆ ಗೊತ್ತಿರಬೇಕಾದ ವಿಷಯಗಳು

ಮಡಿಕೇರಿ: ಒಮ್ಮೆ ಹಾರಿಸಿದ ತೋಟಾದ ಖಾಲಿ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬಿ ಬಳಸೋದಕ್ಕೆ ರೀಲೋಡಿಂಗ್ ಅಂತಾರೆ. ಅಮೆರಿಕದಲ್ಲಿ ಇದು ಗ್ಯಾರೇಜಿನಲ್ಲಿ ಕೂತು ಮಾಡುವ ಹವ್ಯಾಸ. ಯೂಟ್ಯೂಬ್‌ನಲ್ಲಿ ಇದರ ವಿಡಿಯೊಗಳಿಗೆ ಲೆಕ್ಕವೇ ಇಲ್ಲ. ಮನೆಯಲ್ಲಿ ಕೋವಿ ಇಟ್ಟುಕೊಳ್ಳೋದು ರೂಢಿಯಾಗಿರುವ ಕೊಡಗಿನಲ್ಲಿ ಅದನ್ನು ನೋಡಿದ ಹುಡುಗರಿಗೆ ‘ನಾವೂ ಮಾಡಬಹುದಲ್ವಾ’ ಅನ್ನಿಸೋದು ಸಹಜ. ಆದರೆ ಅಲ್ಲಿಯ ಕಾನೂನು ಬೇರೆ, ಇಲ್ಲಿಯದು ಬೇರೆ. ಎಡವಿದರೆ ಕೈ ಹೋಗಬಹುದು, ಇಲ್ಲಾ ಜೈಲು.

ತೋಟಾದೊಳಗೆ ಏನಿರುತ್ತೆ?

ರೈಫಲ್ ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. 12 ಬೋರ್ ತೋಟಾದಲ್ಲಿ ಒಂದೇ ಗುಂಡಿನ ಬದಲು ಸೀಸದ ಚರೆ, ಚರೆಗೂ ಮದ್ದಿಗೂ ನಡುವೆ ವ್ಯಾಡ್ ಇರುತ್ತೆ. ಹಾರಿಸಿದ ಮೇಲೆ ಉಳಿಯೋದು ಕೇಸ್ ಮಾತ್ರ. ಇದರಲ್ಲಿ ಮರುಬಳಕೆ ಆಗೋದು ಅದೊಂದೇ.

ಅಮೆರಿಕದಲ್ಲಿ ಹೇಗೆ ಮಾಡ್ತಾರೆ?

ಅಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳೋದಕ್ಕೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಮಾರೋದಕ್ಕೆ ತಯಾರಿಸಿದರೆ ಬೇಕು. ಕೇಸ್ ತೊಳೆದು, ಬಿರುಕು ಇದೆಯಾ ನೋಡಿ, ಪ್ರೆಸ್ ಎಂಬ ಕೈಯಂತ್ರದಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಆಮೇಲೆ ಹೊಸ ಪ್ರೈಮರ್, ತೂಗಿದ ಮದ್ದು, ಗುಂಡು. ಮದ್ದನ್ನು ತೂಗೋದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಯಾವ ಗುಂಡಿಗೆ ಯಾವ ಕಂಪನಿಯ ಮದ್ದು ಎಷ್ಟು ಅನ್ನೋದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅಚ್ಚು ಹಾಕಿದ ಕೈಪಿಡಿ ಇರುತ್ತೆ. ಅದನ್ನು ಬಿಟ್ಟು ಅಂದಾಜಿನಲ್ಲಿ ಯಾರೂ ಮುಟ್ಟಲ್ಲ. ತೋಟಾದ ಖರ್ಚು ಇಳಿಸೋದು, ಸ್ಪರ್ಧೆಯಲ್ಲಿ ಗುರಿ ಇನ್ನಷ್ಟು ನಿಖರವಾಗೋದು ಇದರ ಉದ್ದೇಶ.

ಅಪಾಯ ಎಲ್ಲಿ?

ಒಂದೇ ಕೇಸಿಗೆ ಗೊತ್ತಿಲ್ಲದೆ ಎರಡು ಸಲ ಮದ್ದು ಬಿದ್ದರೆ ನಳಿಕೆಯೇ ಸಿಡಿಯಬಹುದು. ಮದ್ದು ಕಡಿಮೆ ಆದರೂ ಅಪಾಯವೇ. ಗುಂಡು ನಳಿಕೆಯ ನಡುವೆ ಸಿಕ್ಕಿಕೊಳ್ಳುತ್ತೆ. ಅದು ಗೊತ್ತಾಗದೆ ಇನ್ನೊಂದು ಹಾರಿಸಿದರೆ ಮುಗೀತು.

ನಮ್ಮ ಕಡೆ ಇನ್ನೊಂದು ಅಪಾಯ ಹಳೆ ಕೇಪಿನ ಕೋವಿಯದ್ದು. ಅದು ಕರಿಮದ್ದಿಗೆ ಮಾಡಿದ ಕೋವಿ. ಈಗಿನ ತೋಟಾ ಬಿಚ್ಚಿ ಅದರ ಹೊಗೆರಹಿತ ಮದ್ದನ್ನು ಅದಕ್ಕೆ ಸುರಿದರೆ ಆ ಒತ್ತಡ ಹಳೆ ನಳಿಕೆ ತಡೆಯಲ್ಲ. ಪಟಾಕಿ ಮದ್ದು ಕೂಡ ಕೋವಿಗೆ ಅಲ್ಲವೇ ಅಲ್ಲ.

ನಮ್ಮ ಕಾನೂನು ಏನು ಹೇಳುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ತುಂಬಿದ ತೋಟಾ ಮಾತ್ರ ಮದ್ದುಗುಂಡು ಅಲ್ಲ. ಅದರ ಬಿಡಿ ಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ‘ಮದ್ದುಗುಂಡು’ ಅನ್ನೋ ವ್ಯಾಖ್ಯೆಯೊಳಗೇ ಬರುತ್ತೆ. ವಿದೇಶದಿಂದ ಪ್ರೆಸ್, ಪ್ರೈಮರ್ ತರಿಸಬೇಕಾದರೂ ಆಮದು ಲೈಸೆನ್ಸ್ ಬೇಕು.

ತಯಾರಿಕೆ, ಮಾರಾಟಕ್ಕೆ ಸೆಕ್ಷನ್ 5ರಡಿ ಪ್ರತ್ಯೇಕ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ 2019ರ ತಿದ್ದುಪಡಿ ನಂತರ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಜೈಲು, ಜತೆಗೆ ದಂಡ. ಕೋವಿ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ತೋಟಾ ತಯಾರಿಸುವ ಹಕ್ಕು ಇದೆ ಅಂತ ಅರ್ಥ ಅಲ್ಲ. ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನೋದು ಲೈಸೆನ್ಸ್‌ನಲ್ಲೇ ಬರೆದಿರುತ್ತೆ.

ಕೊಡಗಿನ ವಿನಾಯಿತಿ ಇದಕ್ಕೂ ಇದೆಯಾ?

ಇಲ್ಲ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಹೊಂದೋದಕ್ಕೆ, ಒಯ್ಯೋದಕ್ಕೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆದರೆ ತಯಾರಿಕೆ ಅದರಲ್ಲಿ ಸೇರಿಲ್ಲ. ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆಯೋದಕ್ಕೂ ಲೈಸೆನ್ಸ್ ಇರುವ ಅಂಗಡಿಯಿಂದ ರಶೀದಿ ಸಮೇತ ಕೊಂಡ ತೋಟಾನೇ ಸರಿ.

ಗುಜರಿ ಅಂಗಡಿಯವರ ಗಮನಕ್ಕೆ

ನೆನಪಿಗೆ ಅಂತ ಶೋಕೇಸಿನಲ್ಲಿ ಇಟ್ಟ ಒಂದು ಖಾಲಿ ಕೇಸಿಗೆ ಹೆದರಬೇಕಿಲ್ಲ. ಉಳಿದ ಭಾಗಗಳ ಜತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿ ಭಾಗಗಳಿಗೆ ಸೆಕ್ಷನ್ 45ರಲ್ಲಿ ವಿನಾಯಿತಿ ಇದೆ. ಆದರೆ ಕೇಸ್, ಮದ್ದು, ಪ್ರೈಮರ್ ಮೂರೂ ಒಂದೇ ಡಬ್ಬದಲ್ಲಿ ಸಿಕ್ಕರೆ ಆ ಮಾತು ನಿಲ್ಲಲ್ಲ.

ಹಿತ್ತಾಳೆ ಗುಜರಿಯ ಜತೆ ಹಾರದ ತೋಟಾ ಬಂದರೆ ಸುತ್ತಿಗೆಯಿಂದ ಬಡಿಯಬೇಡಿ, ಬಿಸಿ ಮಾಡಬೇಡಿ, ಬಿಚ್ಚಲೂ ಬೇಡಿ. ಇದ್ದ ಕಡೆಯೇ ಬಿಟ್ಟು, ಮಕ್ಕಳನ್ನು ದೂರ ಇಟ್ಟು 112ಕ್ಕೆ ಫೋನ್ ಮಾಡಿ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಹಸಿರು ಹಿಡಿದ ತೋಟಾ ಸಿಕ್ಕರೂ ಹಾರಿಸಿ ನೋಡಬೇಡಿ, ಠಾಣೆಗೆ ತಿಳಿಸಿ.

ಶೂಟಿಂಗ್ ಆಸೆ ಇದ್ದರೆ?

4.5 ಮಿ.ಮೀ. ಬೋರ್‌ನ, 20 ಜೌಲ್ ಮೀರದ ಏರ್ ರೈಫಲ್‌ಗೆ 2016ರ ನಿಯಮದಂತೆ ಲೈಸೆನ್ಸ್ ಬೇಕಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆ ನಡೆಯೋದು 4.5 ಮಿ.ಮೀ. ಏರ್ ರೈಫಲ್‌ನಲ್ಲೇ. ಹಕ್ಕಿ, ಪ್ರಾಣಿಗೆ ಗುರಿ ಇಟ್ಟರೆ ಮಾತ್ರ ವನ್ಯಜೀವಿ ಕಾಯ್ದೆಯ ಕೇಸು ಬೀಳುತ್ತೆ.

ಕೋವಿ, ತೋಟಾ ವಿಚಾರದಲ್ಲಿ ಏನೇ ಸಂಶಯ ಇದ್ದರೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ಶಸ್ತ್ರಾಸ್ತ್ರ ಲೈಸೆನ್ಸ್ ನೋಡಿಕೊಳ್ಳುವ ವಿಭಾಗದಲ್ಲಿ ವಿಚಾರಿಸಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆದುಕೊಳ್ಳೋದು ಒಳ್ಳೇದು.